ಪಡಸಾಲೆಯ ಗಿಣಿ ಬದಲಾದ ಕಥೆ

ರಾಯಚೂರು ಸೀಮೆಯ ತುರ್ವಿಹಾಳದ ಸುತ್ತಲಿನ ಹೊಲಗಳಲ್ಲಿ ಸೂರ್ಯಪಾನ ಕಾಳು ಕಟ್ಟುವ ಹೊತ್ತಿಗೆ ಬೆಳಗಿನ ಗದ್ದಲ ಶುರುವಾಗುತ್ತದೆ. ಕೀ ಕೀ ಎಂದು ಕಿರುಚುತ್ತ ಹಸಿರು ಹಿಂಡೊಂದು ಬಂದಿಳಿದರೆ ಸಾಕು, ಹೊಲದವರು ಡಬ್ಬಿ ಬಡಿಯುತ್ತ ಓಡಬೇಕು. ಹಿಂದೆ ಜೋಳದ ಹೊಲದ ನಡುವೆ ಅಟ್ಟ ಕಟ್ಟಿಕೊಂಡು, ಕವಣೆ ಬೀಸುತ್ತ ದಿನವಿಡೀ ಕಾಯುತ್ತಿದ್ದರು. ಈಗ ಗೂಟದಿಂದ ಗೂಟಕ್ಕೆ ಮಿನುಗುವ ಪಟ್ಟಿ ಎಳೆದು ಕಟ್ಟುತ್ತಾರೆ. ಬಿಸಿಲಿಗೆ ಅದು ಮಿಂಚಿ, ಗಾಳಿಗೆ ಗರ್ರೆಂದರೆ ಗಿಣಿಗಳು ಒಂದಷ್ಟು ದಿನ ಹೆದರುತ್ತವೆ. ಆಮೇಲೆ ಮತ್ತೆ ಬರುತ್ತವೆ.

ಹೊಲದಲ್ಲಿ ಹೀಗೆ ಕಲ್ಲೇಟು ತಿನ್ನುತ್ತಿದ್ದ ಹಕ್ಕಿ ಮನೆಯೊಳಗೆ ಮಾತ್ರ ಕೂಸಿನಂತೆ ಬೆಳೆಯುತ್ತಿತ್ತು. ಪಡಸಾಲೆಯ ತೊಲೆಗೆ ತೂಗುಬಿಟ್ಟ ತಂತಿಯ ಪಂಜರ, ಅದರೊಳಗೆ ನೆನೆಸಿದ ಕಡಲೆ, ಒಂದು ಮೆಣಸಿನಕಾಯಿ, ಹೋಗಿಬರುವವರನ್ನೆಲ್ಲ ಕೂಗುವ ಒಂದು ‘ರಾಮ’. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಒಂದು ತಲೆಮಾರಿನ ಹಿಂದಿನವರೆಗೂ ಇದು ಅಪರೂಪದ ನೋಟವಾಗಿರಲಿಲ್ಲ.

ಇಂದು ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಕಡೆ ಮನೆಯ ಮುಂದೆ ಪಂಜರ ಕಂಡರೆ ಒಳಗಿರುವುದು ಬಹುತೇಕ ಬೇರೆಯೇ ಹಕ್ಕಿ. ಗೇಣುದ್ದವೂ ಇಲ್ಲದ, ಹಳದಿ, ನೀಲಿ, ತಿಳಿಹಸಿರು ಬಣ್ಣದ ಜೋಡಿ. ಜನ ಅದನ್ನು ‘ಲವ್ ಬರ್ಡ್ಸ್’ ಎನ್ನುತ್ತಾರೆ. ಅಸಲಿಗೆ ಆ ಹೆಸರಿನ ಹಕ್ಕಿ ಆಫ್ರಿಕಾದ್ದು. ನಮ್ಮ ಪಂಜರಗಳಲ್ಲಿರುವುದು ಆಸ್ಟ್ರೇಲಿಯಾದ ಬಡ್ಜರಿಗಾರ್. ಹಸಿರು ರಾಮ ಹೋಗಿ ಈ ಪುಟ್ಟ ಪರದೇಶಿ ಬಂದದ್ದರ ಹಿಂದೆ ಬಹಳ ಉದ್ದದ ಕಥೆಯಿದೆ.

ಮೊದಲು ನಮ್ಮ ಗಿಣಿಯ ಮಾತು. ಹೊಲಕ್ಕೆ ಬರುವ ಹಿಂಡಿನಲ್ಲಿ ಹೆಚ್ಚಿನವು ಗುಲಾಬಿ ಕೊರಳಿನ ಗಿಳಿಗಳು. ಬಾಲವೂ ಸೇರಿ ಸುಮಾರು 40 ಸೆಂ.ಮೀ. ಉದ್ದ. ಕೊರಳಿನ ಕಪ್ಪು–ಗುಲಾಬಿ ಪಟ್ಟಿ ಗಂಡಿಗೆ ಮಾತ್ರ, ಅದೂ ಪೂರ್ತಿ ಪ್ರಾಯಕ್ಕೆ ಬಂದ ಮೇಲೆ ಮೂಡುತ್ತದೆ. ತಾನಾಗಿ ಗೂಡು ಕಟ್ಟದ ಈ ಹಕ್ಕಿ ಹಳೆಯ ಮರಗಳ ಪೊಟರೆ, ಕೋಟೆ–ಗುಡಿಗಳ ಗೋಡೆಯ ಬಿರುಕು ಹುಡುಕಿಕೊಂಡು ಮೊಟ್ಟೆಯಿಡುತ್ತದೆ. ಚಳಿ ಇಳಿದು ಬೇಸಿಗೆ ಕಾಲಿಡುವ ಆ ದಿನಗಳಲ್ಲೇ ಮರ ಹತ್ತುವವರೂ ಹುಟ್ಟಿಕೊಳ್ಳುತ್ತಿದ್ದರು. ಗರಿ ಬಲಿಯುವ ಮುನ್ನ ಇಳಿಸಿದ ಮರಿಯೇ ಚೆನ್ನಾಗಿ ಮಾತು ಕಲಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿದ್ದ ವಿಷಯ. ಮೆಣಸಿನಕಾಯಿ ತಿನ್ನಿಸಿದರೆ ನಾಲಿಗೆ ಚುರುಕಾಗಿ ಮಾತು ಬರುತ್ತದೆ ಎಂಬ ನಂಬಿಕೆಯೂ ಜೊತೆಗಿತ್ತು. ಆದರೆ ಗಿಣಿಗೆ ಮೆಣಸಿನಕಾಯಿಯ ಖಾರವೇ ಹತ್ತುವುದಿಲ್ಲ. ನಮ್ಮ ನಾಲಿಗೆಯನ್ನು ಸುಡುವ ಕ್ಯಾಪ್ಸೈಸಿನ್ ಎಂಬ ಅಂಶವನ್ನು ಹಕ್ಕಿಗಳ ನರಗಳು ಗುರುತಿಸುವುದಿಲ್ಲ. ಅದಕ್ಕೆ ಮೆಣಸಿನಕಾಯಿ ಒಂದು ತಿನಿಸು, ಅಷ್ಟೇ.

ಗಿಣಿಗೆ ಮಾತು ಕಲಿಸುವ ಚಟ ಈ ನೆಲದಲ್ಲಿ ಎಷ್ಟು ಹಳೆಯದೆಂದರೆ, ವಾತ್ಸ್ಯಾಯನನ ಕಾಮಸೂತ್ರದ 64 ಕಲೆಗಳಲ್ಲಿ ಗಿಳಿ ಮತ್ತು ಗೊರವಂಕಗಳಿಗೆ ಮಾತು ಕಲಿಸುವುದೂ ಒಂದು. ಪರ್ಷಿಯಾದ ಆಸ್ಥಾನದಲ್ಲಿ ವೈದ್ಯನಾಗಿದ್ದ ಗ್ರೀಕ್ ಲೇಖಕ ಟೀಸಿಯಸ್, ಕ್ರಿ.ಪೂ. 400ರ ಹೊತ್ತಿಗೇ ಭಾರತದ ಹಕ್ಕಿಯೊಂದನ್ನು ವರ್ಣಿಸಿದ್ದಾನೆ. ಅದು ಭಾರತೀಯರ ಭಾಷೆಯನ್ನಾಡುತ್ತದೆ, ಕಲಿಸಿದರೆ ಗ್ರೀಕನ್ನೂ ಆಡುತ್ತದೆ ಎಂಬುದು ಅವನ ಬೆರಗು.

ಕನ್ನಡದವರಿಗೆ ಗಿಳಿ ಕಥೆಗಾರನೂ ಹೌದು. 10ನೇ ಶತಮಾನದ ಕೊನೆಯಲ್ಲಿ ನಾಗವರ್ಮ ಬಾಣಭಟ್ಟನ ಕಾದಂಬರಿಯನ್ನು ಕನ್ನಡಕ್ಕೆ ತಂದ. ಅದರಲ್ಲಿ ರಾಜನ ಮುಂದೆ ಕಥೆ ಬಿಚ್ಚಿಡುವುದು ಪಂಜರದಲ್ಲಿ ಬಂದ ವೈಶಂಪಾಯನ ಎಂಬ ಗಿಳಿ. ಆ ಗಿಳಿ ಮೊದಲಿಗೆ ಹೇಳಿಕೊಳ್ಳುವುದು ತನ್ನದೇ ದುಃಖವನ್ನು. ಕಾಡಿನ ದೊಡ್ಡ ಬೂರುಗದ ಮರಕ್ಕೆ ಮುದಿ ಬೇಡನೊಬ್ಬ ಹತ್ತಿ, ಪೊಟರೆಗಳಲ್ಲಿದ್ದ ಗಿಳಿಗಳ ಕೊರಳು ಮುರಿದು ಕೆಳಕ್ಕೆಸೆಯುತ್ತಾನೆ. ಮರಿಯನ್ನು ರೆಕ್ಕೆಯಡಿ ಬಚ್ಚಿಟ್ಟುಕೊಂಡ ತಂದೆ ಸಾಯುತ್ತದೆ, ಮರಿ ತರಗೆಲೆಗಳ ಮೇಲೆ ಬಿದ್ದು ಉಳಿಯುತ್ತದೆ. ಮಾತಾಡುವ ಗಿಳಿಯ ಸೊಗಸನ್ನು ಕೊಂಡಾಡುವ ಕಾವ್ಯವೇ, ಪಂಜರಕ್ಕೆ ಬರುವ ಗಿಳಿಯ ದಾರಿ ಎಲ್ಲಿಂದ ಶುರುವಾಗುತ್ತದೆ ಎಂಬುದನ್ನೂ ಮರೆಮಾಚದೆ ಹೇಳಿಬಿಟ್ಟಿದೆ. ಮುಂದೆ 12ನೇ ಶತಮಾನದಲ್ಲಿ ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನನ್ನು ಕಂಡಿರಾ ಎಂದು ಕೇಳಿದ್ದು ಪಂಜರದ ಗಿಳಿಯನ್ನಲ್ಲ, ವನದ ಗಿಳಿಗಳನ್ನು.

ತುರ್ವಿಹಾಳದವರಿಗೆ ಈ ಚರಿತ್ರೆ ಇನ್ನೂ ಹತ್ತಿರದ್ದು. ನೆರೆಯ ಮಸ್ಕಿಯ ಗುಡ್ಡದಲ್ಲಿ 1915ರಲ್ಲಿ ಚಿನ್ನದ ಶೋಧದಲ್ಲಿದ್ದ ಎಂಜಿನಿಯರ್ ಬೀಡನ್‌ಗೆ ಬಂಡೆಯ ಮೇಲಿನ ಬರಹವೊಂದು ಸಿಕ್ಕಿತು. ಆವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬಂಥ ಬಿರುದುಗಳಷ್ಟೇ ಇದ್ದವು. ಮಸ್ಕಿಯ ಬಂಡೆ ಅದರ ಜೊತೆಗೆ ಅಶೋಕ ಎಂಬ ಹೆಸರನ್ನೂ ಹೇಳಿತು. ಹಾಗೆ ಹೆಸರು ಸಿಕ್ಕ ಅದೇ ದೊರೆ, ಪಟ್ಟಕ್ಕೆ ಬಂದು 26 ವರ್ಷಗಳಾದಾಗ ಉತ್ತರ ಭಾರತದ ಕಂಬಗಳ ಮೇಲೆ ಇನ್ನೊಂದು ಆಜ್ಞೆ ಕೆತ್ತಿಸಿದ. ಕೊಲ್ಲಬಾರದ ಪ್ರಾಣಿಗಳ ಪಟ್ಟಿ ಅದು. ಅದರ ಮೊದಲ ಹೆಸರು ಗಿಳಿ, ಎರಡನೆಯದು ಗೊರವಂಕ. ಮಾತು ಕಲಿಯುವ ಎರಡು ಹಕ್ಕಿಗಳೇ ಪಟ್ಟಿಯ ತಲೆಯಲ್ಲಿವೆ.

ಗಿಣಿ ಮಾತಾಡುವುದಾದರೂ ಹೇಗೆ? ನಮ್ಮಂತೆ ಗಂಟಲಲ್ಲಿ ಧ್ವನಿತಂತುಗಳು ಅದಕ್ಕಿಲ್ಲ. ಶ್ವಾಸನಾಳ ಎರಡಾಗಿ ಕವಲೊಡೆಯುವ ಬುಡದಲ್ಲಿ ಸಿರಿಂಕ್ಸ್ ಎಂಬ ಅಂಗವಿದೆ. ಅಲ್ಲಿ ಹುಟ್ಟಿದ ದನಿಯನ್ನು ದಪ್ಪನೆಯ, ಚುರುಕಾದ ನಾಲಿಗೆ ತಿದ್ದುತ್ತದೆ. ಆದರೆ ನಿಜವಾದ ಗುಟ್ಟಿರುವುದು ಮಿದುಳಿನಲ್ಲಿ. ಹಾಡು ಕಲಿಯುವ ಇತರ ಹಕ್ಕಿಗಳಲ್ಲಿ ಕಲಿಕೆಗೆಂದು ಕೆಲವು ಕೇಂದ್ರಗಳಿವೆ. ಗಿಳಿಗಳಲ್ಲಿ ಆ ಕೇಂದ್ರಗಳ ಸುತ್ತ ಕವಚದಂತೆ ಇನ್ನೊಂದು ಪದರವೂ ಇದೆ ಎಂದು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರ ನೇತೃತ್ವದ ತಂಡ 2015ರಲ್ಲಿ ತೋರಿಸಿತು. ಅನುಕರಣೆಯಲ್ಲಿ ಗಿಳಿಗಳಿಗಿರುವ ಅಸಾಧಾರಣ ಶಕ್ತಿಗೆ ಈ ಪದರ ಕಾರಣವಿರಬೇಕು ಎಂಬುದು ಅವರ ವಿವರಣೆ.

ಆದರೆ ಕಾಡಿನಲ್ಲಿ ಗಿಣಿ ಯಾರನ್ನು ಅನುಕರಿಸುತ್ತದೆ? ತನ್ನವರನ್ನೇ. ಹಿಂಡಿನಲ್ಲಿ ಬದುಕುವ ಈ ಹಕ್ಕಿಗಳಿಗೆ ‘ನಾನಿಲ್ಲಿದ್ದೇನೆ, ನೀನೆಲ್ಲಿ?’ ಎಂದು ಕೇಳುವ ಕರೆಗಳಿರುತ್ತವೆ. ವೆನೆಜುವೆಲಾದ ಒಂದು ಚಿಕ್ಕ ಗಿಳಿಯ ಗೂಡುಗಳಲ್ಲಿ ಕ್ಯಾಮೆರಾ ಇಟ್ಟು ನೋಡಿದ ಕಾರ್ಲ್ ಬರ್ಗ್ ಮತ್ತು ಸಂಗಡಿಗರು 2011ರಲ್ಲಿ ಬೆರಗಿನ ಸಂಗತಿ ಪ್ರಕಟಿಸಿದರು. ಪ್ರತಿ ಮರಿಗೂ ತನ್ನದೇ ಒಂದು ಕರೆ ಇರುತ್ತದೆ, ಅದನ್ನು ಅದು ಕಲಿಯುವುದು ಸಾಕುವ ತಂದೆತಾಯಿಯಿಂದ, ಹೆಚ್ಚುಕಡಿಮೆ ಹೆಸರಿಟ್ಟ ಹಾಗೆ. ಪೊಟರೆಯಿಂದ ಇಳಿಸಿ ಒಂಟಿ ಪಂಜರಕ್ಕೆ ಹಾಕಿದ ಮರಿಗೆ ಹೆಸರು ಹಿಡಿದು ಕರೆಯಲು ತಾಯಿಯೂ ಇಲ್ಲ, ಹಿಂಡೂ ಇಲ್ಲ. ಅದು ತನ್ನ ಸುತ್ತ ಕೇಳುವ ದನಿಯನ್ನೇ ತನ್ನವರ ದನಿಯೆಂದು ಹಿಡಿದುಕೊಳ್ಳುತ್ತದೆ. ಪಡಸಾಲೆಯ ಗಿಣಿ ‘ಅವ್ವಾ’ ಎಂದು ಕೂಗುತ್ತಿದ್ದುದು ಹೀಗೆ. ನಾವು ‘ಗಿಣಿಪಾಠ’ ಎಂದು ಹಗುರವಾಗಿ ಆಡುವ ಮಾತಿನ ಒಳಗೆ ಹಿಂಡಿಗೆ ಸೇರಲು ಹವಣಿಸುವ ಜೀವವೊಂದಿದೆ.

ಪಂಜರದ ಕಥೆ ತಿರುಗಿದ್ದು ಕಾನೂನಿನಿಂದ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಮ್ಮ ಗಿಣಿಗಳನ್ನು ಸಂರಕ್ಷಿತ ಪಟ್ಟಿಗೆ ಸೇರಿಸಿತು. ಅಷ್ಟಾದರೂ ಹೊರದೇಶಗಳಿಗೆ ನಮ್ಮ ಹಕ್ಕಿಗಳ ಸಾಗಣೆ ಬಹುಕಾಲ ನಡೆಯಿತು. ಲಂಡನ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್‌ನ ಉದ್ಯಾನಗಳಲ್ಲಿ ಇಂದು ಹಿಂಡುಹಿಂಡಾಗಿ ಹಾರುವ ಹಸಿರು ಗಿಳಿಗಳು ಹೀಗೆ ಪಂಜರದಲ್ಲಿ ಹೋಗಿ ತಪ್ಪಿಸಿಕೊಂಡ ಅಥವಾ ಬಿಟ್ಟ ಹಕ್ಕಿಗಳ ಸಂತಾನ. ಬ್ರಸೆಲ್ಸ್‌ನ ಮನರಂಜನಾ ಪಾರ್ಕೊಂದು 1974ರಲ್ಲಿ ಸುಮಾರು 40 ಗಿಳಿಗಳನ್ನು ಹಾರಿಬಿಟ್ಟಿತ್ತು, ಅವು ಸಾವಿರಗಟ್ಟಲೆಯಾದವು. 1990–91ರ ಹೊತ್ತಿಗೆ ಭಾರತ ದೇಶಿ ಹಕ್ಕಿಗಳ ವ್ಯಾಪಾರವನ್ನೇ ಪೂರ್ತಿ ನಿಲ್ಲಿಸಿತು. 2015ರಲ್ಲಿ ದೆಹಲಿ ಹೈಕೋರ್ಟ್, ಬಾನಿನಲ್ಲಿ ಹಾರುವುದು ಹಕ್ಕಿಗಳ ಹಕ್ಕು, ಅವನ್ನು ಪಂಜರದಲ್ಲಿಟ್ಟು ಮಾರುವ ಹಕ್ಕು ಮನುಷ್ಯನಿಗಿಲ್ಲ ಎಂಬ ನಿಲುವು ತಳೆಯಿತು. 2022ರ ತಿದ್ದುಪಡಿಯಲ್ಲಿ ಕಾಯ್ದೆಯ ಸಾಮಾನ್ಯ ಉಲ್ಲಂಘನೆಗಳ ಗರಿಷ್ಠ ದಂಡ ₹25,000ದಿಂದ ₹1 ಲಕ್ಷಕ್ಕೇರಿತು.

ಇದರ ಭಾರ ಹೊತ್ತವರನ್ನು ಮರೆಯುವಂತಿಲ್ಲ. ಜಾತ್ರೆಯಲ್ಲಿ ಕಾರ್ಡುಗಳ ಸಾಲಿನ ಮುಂದೆ ಗಿಣಿಯನ್ನು ಬಿಟ್ಟು ಭವಿಷ್ಯ ಹೇಳುತ್ತಿದ್ದ ಗಿಳಿಶಾಸ್ತ್ರದವರ ಕಸುಬು ಕರಗಿತು. ಹೆಸರಲ್ಲೇ ಹಕ್ಕಿಯನ್ನಿಟ್ಟುಕೊಂಡ ಹಕ್ಕಿಪಿಕ್ಕಿ ಸಮುದಾಯ ಬೇಟೆ ಬಿಟ್ಟು ಬೇರೆ ದಾರಿ ಹುಡುಕಬೇಕಾಯಿತು. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದಂಥ ಊರುಗಳಲ್ಲಿ ನೆಲೆ ನಿಂತ ಅವರಲ್ಲಿ ಎಷ್ಟೋ ಮಂದಿ ಈಗ ಗಿಡಮೂಲಿಕೆ ಎಣ್ಣೆ ಹೊತ್ತು ಆಫ್ರಿಕಾದವರೆಗೂ ವ್ಯಾಪಾರಕ್ಕೆ ಹೋಗಿಬರುತ್ತಾರೆ.

ಗಿಣಿ ಹೋದ ಜಾಗಕ್ಕೆ ಬಂದದ್ದೇ ಬಡ್ಜರಿಗಾರ್, ಚಿಕ್ಕದಾಗಿ ಬಡ್ಜಿ. 1805ರಲ್ಲಿ ವಿಜ್ಞಾನದ ಪುಸ್ತಕಕ್ಕೆ ಸೇರಿದ ಈ ಹಕ್ಕಿಯನ್ನು 1840ರಲ್ಲಿ ಪಕ್ಷಿತಜ್ಞ ಜಾನ್ ಗೌಲ್ಡ್ ಆಸ್ಟ್ರೇಲಿಯಾದಿಂದ ಜೀವಂತವಾಗಿ ಇಂಗ್ಲೆಂಡಿಗೆ ಒಯ್ದ. ಕಾಡಿನಲ್ಲಿ ಅದರ ಬಣ್ಣ ಹಸಿರು, ತಲೆ–ಬೆನ್ನಿನ ಮೇಲೆ ಕಪ್ಪು ಗೆರೆ. ಪಂಜರದಲ್ಲಿ ಸುಲಭವಾಗಿ ಮರಿ ಮಾಡುತ್ತದೆ ಎಂದು ಗೊತ್ತಾದ ಮೇಲೆ ಯುರೋಪಿನ ಸಾಕಣೆದಾರರು 19ನೇ ಶತಮಾನ ಮುಗಿಯುವಷ್ಟರಲ್ಲಿ ಹಳದಿ, ನೀಲಿ ತಳಿಗಳನ್ನು ಎಬ್ಬಿಸಿದ್ದರು. ಇಂದು ಅಂಗಡಿಗೆ ಬರುವ ಬಡ್ಜಿ ಯಾವ ಪೊಟರೆಯಿಂದಲೂ ಕದ್ದದ್ದಲ್ಲ, ಹತ್ತಾರು ತಲೆಮಾರಿನಿಂದ ಸಾಕಣೆಯಲ್ಲೇ ಹುಟ್ಟಿ ಬೆಳೆದದ್ದು. ಅದನ್ನು ಸಾಕಲು ನಮ್ಮ ಕಾನೂನಿನ ಅಡ್ಡಿಯಿಲ್ಲ. ಆಫ್ರಿಕಾದ ಬೂದು ಗಿಳಿ, ಮಕಾವ್‌ನಂಥ ದೊಡ್ಡ ವಿದೇಶಿ ಗಿಳಿಗಳಿಗೆ 2024ರ ನಿಯಮಗಳಂತೆ ನೋಂದಣಿ ಬೇಕು. ಬಡ್ಜಿಗೆ ಅದೂ ಬೇಡ.

ಮಾತಿನಲ್ಲೂ ಈ ಪುಟ್ಟದು ಹಿಂದೆ ಬಿದ್ದಿಲ್ಲ. 1958ರಲ್ಲಿ ಬಿಬಿಸಿ ನಡೆಸಿದ ಸ್ಪರ್ಧೆಯನ್ನು ಗೆದ್ದ ಸ್ಪಾರ್ಕಿ ವಿಲಿಯಮ್ಸ್ ಎಂಬ ಬಡ್ಜಿಗೆ 500ಕ್ಕೂ ಹೆಚ್ಚು ಪದ ಬರುತ್ತಿದ್ದವು. 1994ರಲ್ಲಿ ತೀರಿಕೊಂಡ ಕ್ಯಾಲಿಫೋರ್ನಿಯಾದ ‘ಪಕ್’ ಎಂಬ ಬಡ್ಜಿಯ ಹೆಸರಿನಲ್ಲಿ 1,728 ಪದಗಳ ಗಿನ್ನೆಸ್ ದಾಖಲೆಯಿದೆ. ಆದರೆ ಬಡ್ಜಿಯ ದನಿ ಸಣ್ಣದು, ವೇಗ ಹೆಚ್ಚು, ಕಿವಿಗೊಟ್ಟು ಕೇಳಬೇಕು. ಗಂಡು ಮರಿ ಬೇಗ ಕಲಿಯುತ್ತದೆ. ಬೆಳೆದ ಹಕ್ಕಿಗಳಲ್ಲಿ ಕೊಕ್ಕಿನ ಮೇಲಿನ ಮೂಗಿನ ಭಾಗ ನೀಲಿಯಾದರೆ ಸಾಮಾನ್ಯವಾಗಿ ಗಂಡು, ಕಂದಾದರೆ ಹೆಣ್ಣು. ಒಂದೇ ಹೆಸರು, ಒಂದೇ ದನಿಯಲ್ಲಿ, ದಿನಾ ಬೆಳಿಗ್ಗೆ ಸಂಜೆ ತಾಳ್ಮೆಯಿಂದ ಹೇಳಿಕೊಟ್ಟರೆ ತಿಂಗಳುಗಳಲ್ಲಿ ಬಾಯಿಬಿಟ್ಟೀತು.

ರಾಯಚೂರು ಸೀಮೆ ಈ ಹಕ್ಕಿಗೆ ಅಷ್ಟೇನೂ ಪರಕೀಯವಲ್ಲ. ಆಸ್ಟ್ರೇಲಿಯಾದ ಒಣ ಬಯಲಿನಲ್ಲಿ ಹುಲ್ಲಿನ ಬೀಜ ತಿಂದು, ನೀರು ಹುಡುಕುತ್ತ ಅಲೆಯುವ ಕುಲ ಅದರದ್ದು. ಇಲ್ಲಿ ಅದರ ಬಟ್ಟಲಿಗೆ ಬೀಳುವುದು ನವಣೆ, ಸಜ್ಜೆ. ತುಂಗಭದ್ರಾ ಎಡದಂಡೆ ನಾಲೆಯ ನೀರು ಬಂದು ಸಿಂಧನೂರಿನ ಸುತ್ತ ನೆಲ್ಲಿನ ಗದ್ದೆ ಹರಡುವ ಮೊದಲು ಈ ಒಣನೆಲದ ಜನ ಉಣ್ಣುತ್ತಿದ್ದುದೂ ಇಂಥ ಕಾಳನ್ನೇ. ಗೂಡಿಗೆ ಪಕ್ಕದಲ್ಲಿ ತೂತು ಕೊರೆದ ಕುಂಬಾರರ ಮಣ್ಣಿನ ಕುಡಿಕೆ ಸಾಕು. ಹೆಣ್ಣು ಅದರಲ್ಲಿ ನಾಲ್ಕೈದು ಮೊಟ್ಟೆಯಿಟ್ಟು ಸುಮಾರು 18 ದಿನ ಕಾವು ಕೂರುತ್ತದೆ.

ಹಾಗೆಂದು ಬರಿಯ ಕಾಳು ಹಾಕಿದರೆ ಹಕ್ಕಿ ಬಾಳುವುದಿಲ್ಲ. ಕೊತ್ತಂಬರಿ, ಪಾಲಕ್‌ನಂಥ ಸೊಪ್ಪು, ಕೊಕ್ಕು ತಿಕ್ಕಿಕೊಳ್ಳಲು ಸುಣ್ಣದಂಶದ ಕಡಲನೊರೆ ಬೇಕು. ಪಂಜರ ಎತ್ತರಕ್ಕಿಂತ ಅಗಲವಾಗಿದ್ದರೆ ರೆಕ್ಕೆ ಬಡಿದು ಒಂದಿಷ್ಟು ಹಾರಬಹುದು. ಏಪ್ರಿಲ್–ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವ ಬಿಸಿಲಿದೆ. ತಗಡಿನ ಮಾಡಿನ ಕೆಳಗಿನ ಪಂಜರ ಒಲೆಯಾಗುತ್ತದೆ. ಬಾಯಿ ತೆರೆದು ಏದುಸಿರು ಬಿಡುತ್ತ ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದ ಹಕ್ಕಿಯನ್ನು ಕೂಡಲೇ ನೆರಳಿಗೆ ತರಬೇಕು, ನೀರು ದಿನಕ್ಕೆರಡು ಸಲ ಬದಲಿಸಬೇಕು. ಅಡುಗೆಮನೆಯಲ್ಲಂತೂ ಪಂಜರ ತೂಗಲೇಬಾರದು. ಅತಿಯಾಗಿ ಕಾದ ನಾನ್‌ಸ್ಟಿಕ್ ಬಾಣಲೆಯ ಹೊಗೆ ನಮಗೆ ತಿಳಿಯುವ ಮೊದಲೇ ಹಕ್ಕಿಯ ಉಸಿರು ನಿಲ್ಲಿಸಬಲ್ಲದು. ಹಿಕ್ಕೆಯ ಧೂಳಿನಿಂದ ಮನುಷ್ಯರಿಗೂ ಹರಡುವ ‘ಗಿಳಿ ಜ್ವರ’ವೊಂದಿದೆ, ಅದಕ್ಕಾಗಿ ಒದ್ದೆ ಮಾಡಿಯೇ ಪಂಜರ ಒರೆಸಬೇಕು, ಆಮೇಲೆ ಕೈ ತೊಳೆಯಬೇಕು.

ಹೊಲದ ಬದಿಯಲ್ಲಿ ನೆಲಕ್ಕೆ ಬಿದ್ದ ಹಸಿರು ಗಿಣಿಮರಿ ಸಿಕ್ಕಿದರೆ ಮನೆಗೆ ತಂದು ಸಾಕುವುದಲ್ಲ, ಅರಣ್ಯ ಇಲಾಖೆಗೆ ತಿಳಿಸುವುದು ಸರಿಯಾದ ದಾರಿ. ಬಹುಕಾಲ ಸಾಕಿದ ಗಿಣಿಯನ್ನು ಒಮ್ಮೆಲೇ ಬಾನಿಗೆ ಬಿಡುವುದೂ ತಪ್ಪು. ಆಹಾರ ಹುಡುಕಲು, ಹದ್ದು–ಬೆಕ್ಕಿನಿಂದ ಪಾರಾಗಲು ಅದಕ್ಕೆ ಕಲಿಸಿದವರೇ ಇರುವುದಿಲ್ಲ.

ಬಡ್ಜಿಯನ್ನು ತರುವವರು ಒಂಟಿಯಾಗಿ ತಂದರೆ ಬೇಗ ಮಾತು ಕಲಿಯುತ್ತದೆ ಎಂದು ಅಂಗಡಿಯಲ್ಲಿ ಹೇಳುವುದುಂಟು. ಅದು ಸುಳ್ಳಲ್ಲ. ಒಂಟಿಯಾದ ಹಕ್ಕಿಗೆ ಮಾತಾಡಲು ನಮ್ಮನ್ನು ಬಿಟ್ಟು ಬೇರೆ ಯಾರೂ ಇರುವುದಿಲ್ಲ. ಜೋಡಿಯಾಗಿ ತಂದರೆ ಮನೆಯವರ ಹೆಸರು ಅದರ ಬಾಯಲ್ಲಿ ಬಾರದೆ ಹೋಗಬಹುದು. ಆದರೆ ಪಂಜರದೊಳಗೆ ಇನ್ನೊಂದು ಕಲಿಕೆ ನಡೆಯುತ್ತಿರುತ್ತದೆ. ಜೋಡಿ ಕೂಡಿದ ದಿನಗಳಲ್ಲಿ ಗಂಡು ಬಡ್ಜಿ ತನ್ನ ಕರೆಯನ್ನು ಬದಲಿಸಿಕೊಳ್ಳುತ್ತ, ಹೆಣ್ಣಿನ ಕರೆಯನ್ನು ಸ್ವರಸ್ವರವಾಗಿ ಅನುಕರಿಸುತ್ತದೆ ಎಂಬುದನ್ನು ಸಂಶೋಧಕರು ಧ್ವನಿಮುದ್ರಣಗಳಲ್ಲಿ ಗುರುತಿಸಿದ್ದಾರೆ. ಸೂರ್ಯಪಾನದ ಹೊಲದಿಂದ ಗಿಣಿಹಿಂಡು ಹುಣಸೆಮರಗಳ ಕಡೆ ತಿರುಗುವ ಸಂಜೆಯಲ್ಲಿ, ಕಟ್ಟೆಯ ಮೇಲಿನ ಪಂಜರದಲ್ಲಿ ನೀಲಿ ಮೂಗಿನ ಗಂಡು ಕಂದು ಮೂಗಿನ ಹೆಣ್ಣಿನ ಪಕ್ಕಕ್ಕೆ ಸರಿದು, ಅವಳ ಕರೆಯನ್ನು ಅವಳಿಗೇ ಒಪ್ಪಿಸುತ್ತ ಕೂತಿರುತ್ತದೆ.