ಇಪ್ಪತ್ತು ಗಜದ ಹಕ್ಕಿ, ನಲವತ್ತು ಗಜದ ಕೋವಿ

ಅಮೆರಿಕದ ನ್ಯೂ ಇಂಗ್ಲೆಂಡ್ ಸೀಮೆಯ ಕಾಡುಗಳಲ್ಲಿ ರಫ್ಡ್ ಗ್ರೌಸ್ ಎಂಬ ಹಕ್ಕಿಯಿದೆ. ನಮ್ಮ ಕಾಡುಕೋಳಿಗೆ ದೂರದ ನೆಂಟ. ಆಲ್ಡರ್ ಪೊದೆಗಳ ಸಂದಿಯಲ್ಲಿ, ಯಾರೋ ಬಿಟ್ಟುಹೋದ ಹಳೆಯ ಸೇಬಿನ ತೋಟಗಳಲ್ಲಿ ಮೇಯುತ್ತದೆ. ನಾಯಿ ವಾಸನೆ ಹಿಡಿದು ಎದುರು ನಿಂತರೂ ಕದಲದೆ ಕೂತು, ಮನುಷ್ಯ ಹತ್ತಿರ ಬಂದಾಗ ಒಮ್ಮೆಲೇ ರೆಕ್ಕೆ ಬಡಿದು ಎದ್ದು, ಉಸಿರು ತಿರುಗಿಸುವುದರೊಳಗೆ ಮರದ ಮರೆ ಸೇರುತ್ತದೆ. ಶಿಕಾರಿಗೆ ಅದು ಸಿಕ್ಕರೆ ಸಾಮಾನ್ಯವಾಗಿ ಇಪ್ಪತ್ತು, ಇಪ್ಪತ್ತೈದು ಗಜದೊಳಗೆ. ಆದರೂ ಅದರ ಬೆನ್ನು ಹತ್ತಿದ ಎಷ್ಟೋ ಜನ ಬಹುಕಾಲ ಹೆಗಲಿಗೇರಿಸಿದ್ದು ನಲವತ್ತು ಗಜಕ್ಕೆಂದು ಬಿಗಿ ಮಾಡಿದ ಕೋವಿಯನ್ನು. ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ನಡೆದ ಒಂದು ಕಾಗದದ ಪರೀಕ್ಷೆಗೆ ಇದರಲ್ಲಿ ದೊಡ್ಡ ಪಾಲಿದೆ.

ಚರೆ ಕೋವಿಯ ಕಷ್ಟವೇ ಬೇರೆ. ರೈಫಲ್ಲಿನಿಂದ ಹೊರಡುವುದು ಒಂದೇ ಗುಂಡು. ಇಲ್ಲಿ ಒಂದೇ ಈಡಿಗೆ ನೂರಾರು ಚರೆಗಳು ಹೊರಟು, ಹೋಗುತ್ತ ಹೋಗುತ್ತ ಹರಡಿಕೊಳ್ಳುತ್ತವೆ. ಚರೆ ದುಂಡಗಿಲ್ಲದಿದ್ದರೆ ದಾರಿ ತಪ್ಪುತ್ತದೆ. ಬ್ರಿಸ್ಟಲ್ ನಗರದ ಪ್ಲಂಬರ್ ವಿಲಿಯಂ ವಾಟ್ಸ್ 1782ರಲ್ಲಿ ಇದಕ್ಕೊಂದು ದಾರಿ ಕಂಡು ಪೇಟೆಂಟ್ ಪಡೆದ. ಕರಗಿದ ಸೀಸಕ್ಕೆ ಚೂರು ಆರ್ಸೆನಿಕ್ ಬೆರೆಸಿ ಎತ್ತರದಿಂದ ಜರಡಿಯಲ್ಲಿ ಸುರಿದರೆ, ಹನಿಗಳು ಬೀಳುತ್ತಲೇ ದುಂಡಗಾಗಿ ಕೆಳಗಿನ ನೀರಿನ ತೊಟ್ಟಿಯಲ್ಲಿ ತಣಿಯುತ್ತವೆ. ಬೇಕಾದ ಎತ್ತರಕ್ಕಾಗಿ ವಾಟ್ಸ್ ತನ್ನ ಮನೆಯ ಮೇಲೆಯೇ ಗೋಪುರ ಕಟ್ಟಿಸಿದ. ಅದನ್ನು ಕೆಡವಿದ್ದು 1968ರಲ್ಲಿ. ಆಮೇಲೆ ಬಂದವನು ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್. ಚಕಮಕಿ ಕೋವಿಯ ಕಿಡಿ ಕಂಡೊಡನೆ, ಈಡು ಹಾರುವ ಮೊದಲೇ ಹಕ್ಕಿ ತಪ್ಪಿಸಿಕೊಳ್ಳುವುದನ್ನು ನೋಡಿ ನೋಡಿ ಬೇಸತ್ತು, ಪೆಟ್ಟಿಗೆ ಸಿಡಿಯುವ ಮದ್ದಿನಿಂದ ಕೋವಿ ಹಾರಿಸುವ ಉಪಾಯಕ್ಕೆ 1807ರಲ್ಲಿ ಪೇಟೆಂಟ್ ಪಡೆದ. ನಮ್ಮ ಮಲೆನಾಡಿನ ಕೇಪಿನ ಕೋವಿ ಆ ವಂಶದ್ದೇ.

ಇಷ್ಟಾದರೂ ನಳಿಗೆ ಮಾತ್ರ ಬುಡದಿಂದ ಬಾಯಿವರೆಗೆ ಹೆಚ್ಚುಕಡಿಮೆ ಒಂದೇ ಅಗಲದ ಕೊಳವೆಯಾಗಿತ್ತು. ದೂರದ ಹಕ್ಕಿಗೆ ಹೊಡೆದರೆ ಚರೆಗಳು ಚೆದುರಿ, ಒಂದೋ ಎರಡೋ ತಾಗಿ, ಗಾಯಗೊಂಡ ಹಕ್ಕಿ ಪೊದೆ ಸೇರಿ ನರಳಿ ಸಾಯುತ್ತಿತ್ತು. 1866ರಲ್ಲಿ ನ್ಯೂಕ್ಯಾಸಲ್‌ನ ಕೋವಿ ತಯಾರಕ ವಿಲಿಯಂ ರೋಚೆಸ್ಟರ್ ಪೇಪ್ ನಳಿಗೆಯ ಬಾಯನ್ನು ತುಸು ಕಿರಿದು ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಇದೇ ಚೋಕ್. ಎರಡು ವರ್ಷದ ನಂತರ ಅಮೆರಿಕದ ಸಿಲ್ವೆಸ್ಟರ್ ರೋಪರ್ ನಳಿಗೆಯ ತುದಿಗೆ ತಿರುಗಿಸಿ ಕೂರಿಸುವ ಬಿಡಿ ಚೋಕನ್ನೇ ಮಾಡಿದ. ಇಲಿನಾಯ್ ಪ್ರಾಂತ್ಯದ ಬಾತು ಬೇಟೆಗಾರ ಫ್ರೆಡ್ ಕಿಂಬಲ್, ಚೋಕನ್ನು ಮೊದಲು ಕಂಡುಕೊಂಡವನು ತಾನೇ ಎಂದು ಮುಪ್ಪಿನಲ್ಲೂ ಹೇಳುತ್ತಿದ್ದ. ಮೊದಲಿಗ ಯಾರೇ ಇರಲಿ, ಅದನ್ನು ಜಗತ್ತಿಗೆ ಮಾರಿದವನು ಬರ್ಮಿಂಗ್‌ಹ್ಯಾಮಿನ ಡಬ್ಲ್ಯು.ಡಬ್ಲ್ಯು. ಗ್ರೀನರ್, 1874ರಿಂದ.

ಕಿರಿದು ಮಾಡುವುದೆಂದರೆ ಎಷ್ಟು? ಹನ್ನೆರಡು ಬೋರಿನ ಕೋವಿಯಲ್ಲಿ ಫುಲ್ ಚೋಕ್ ಎನ್ನುವುದು ಸುಮಾರು ಒಂದು ಮಿಲಿಮೀಟರ್. ಅಷ್ಟರಲ್ಲೇ ಹೊರ ಅಂಚಿನ ಚರೆಗಳು ಒಳಮುಖವಾಗಿ ತಿರುಗುತ್ತವೆ; ಹಿಂದಿನಿಂದ ತಳ್ಳಿಕೊಂಡು ಬರುವ ಬಿರಡೆಯೂ ಆ ಇಕ್ಕಟ್ಟಿನಲ್ಲಿ ಕೊಂಚ ತಡೆದು, ಚರೆಯ ಗುಂಪಿಗೆ ನುಗ್ಗಿ ಚೆದುರಿಸುವುದು ತಪ್ಪುತ್ತದೆ.

ಹಳೆಯ ನಳಿಗೆ ಹೆಚ್ಚೋ ಹೊಸ ಚೋಕ್ ಹೆಚ್ಚೋ ಎಂಬ ಜಗಳ ಲಂಡನ್ನಿನ ‘ದಿ ಫೀಲ್ಡ್’ ಪತ್ರಿಕೆಯ ಪುಟಗಳಿಗೇರಿ, 1875ರಲ್ಲಿ ಅದರ ಸಂಪಾದಕ ಜೆ.ಎಚ್. ವಾಲ್ಶ್ ಮುಂದೆ ನಿಂತು ಬಹಿರಂಗ ಪರೀಕ್ಷೆ ನಡೆಸಿದ. ಚೋಕ್ ಗೆದ್ದಿತು. 40 ಗಜ ದೂರದಲ್ಲಿ ಕಾಗದ, ಅದರಲ್ಲಿ 30 ಅಂಗುಲ ವ್ಯಾಸದ ವೃತ್ತ, ಅದರೊಳಗೆ ಎಷ್ಟು ಚರೆ ಬಿತ್ತೆಂಬ ಎಣಿಕೆ: ಕೋವಿಗೆ ಅಂಕ ಕೊಡುವ ಕ್ರಮವಾಗಿ ಬೇರೂರಿದ್ದು ಇದು. 32 ಗ್ರಾಂ ತೂಕದ ಆರನೇ ನಂಬರಿನ ಚರೆ ಎಂದರೆ 300ಕ್ಕೆ ತುಸು ಹೆಚ್ಚು ಕಾಳು. ಚೋಕ್ ಇಲ್ಲದ ನಳಿಗೆ ಅದರಲ್ಲಿ ಶೇ 40ರಷ್ಟನ್ನು, ಅಂದರೆ 120 ಕಾಳುಗಳನ್ನು ವೃತ್ತದೊಳಗೆ ಇಡುತ್ತದೆ. ಫುಲ್ ಚೋಕ್ ಶೇ 70ರಷ್ಟನ್ನು, 210ಕ್ಕೂ ಹೆಚ್ಚು. ಅಂಗಡಿಯಲ್ಲಿ ನಿಂತವನ ಮುಂದೆ ಈ ಎರಡು ಅಂಕಿ ಇಟ್ಟರೆ ಯಾವುದನ್ನು ಆರಿಸಿಯಾನು?

ನನ್ನ ದೃಷ್ಟಿಯಲ್ಲಿ ಪೊದೆಯ ಹಕ್ಕಿಯ ಶಿಕಾರಿ ದಾರಿ ತಪ್ಪಿದ್ದು ಇಲ್ಲೇ. ನೀರಿನ ಮೇಲೆ ದೂರದಲ್ಲಿ ಹಾದುಹೋಗುವ ಬಾತಿಗೆ 40 ಗಜ ಸರಿಯಾದ ಅಳತೆ. ಅದೇ ಬಿಗಿ ಕೋವಿಯನ್ನು 20 ಗಜದ ಗ್ರೌಸ್‌ಗೆ ಹಿಡಿದರೆ ಚರೆಯ ಗುಂಪು ಸುಮಾರು 16 ಅಂಗುಲದಷ್ಟೇ ಅಗಲವಿರುತ್ತದೆ. ಚೋಕ್ ಇಲ್ಲದ ನಳಿಗೆಯಲ್ಲಿ ಅದರ ಎರಡರಷ್ಟು. ವಿಸ್ತಾರದ ಲೆಕ್ಕದಲ್ಲಿ ನಾಲ್ಕು ಪಟ್ಟು ವ್ಯತ್ಯಾಸ. ಬಿಗಿ ಕೋವಿಯವನು ಒಂದೋ ಪೂರಾ ತಪ್ಪುತ್ತಾನೆ, ಇಲ್ಲವೇ ಹಕ್ಕಿಯನ್ನು ತಿನ್ನಲು ಬಾರದಷ್ಟು ಛಿದ್ರ ಮಾಡುತ್ತಾನೆ.

ಇದನ್ನು ಜನಕ್ಕೆ ಮನವರಿಕೆ ಮಾಡಿಕೊಟ್ಟಿದ್ದರಲ್ಲಿ ಒಂದು ಆಟಕ್ಕೂ ಪಾಲಿದೆ. ಮ್ಯಾಸಚೂಸೆಟ್ಸ್‌ನ ಆಂಡೋವರ್‌ನಲ್ಲಿ ನಾಯಿ ಸಾಕುತ್ತಿದ್ದ ಚಾರ್ಲ್ಸ್ ಡೇವಿಸ್, 1920ರ ಹೊತ್ತಿಗೆ ಗ್ರೌಸ್ ಶಿಕಾರಿಯ ಅಭ್ಯಾಸಕ್ಕೆಂದು ಒಂದು ವೃತ್ತ ಹಾಕಿದ. ಗಡಿಯಾರದ ಅಂಕಿಗಳಂತೆ ಹನ್ನೆರಡು ಜಾಗ. ಹನ್ನೆರಡರ ಕಡೆಯಿಂದ ಯಂತ್ರವೊಂದು ಮಣ್ಣಿನ ಬಿಲ್ಲೆ ಹಾರಿಸುತ್ತದೆ. ಒಂದೊಂದು ಜಾಗದಲ್ಲೂ ನಿಂತು ಹೊಡೆಯಬೇಕು. ಎದ್ದು ಎದುರಿಗೆ ಬರುವ ಹಕ್ಕಿ, ಅಡ್ಡ ಹಾಯುವ ಹಕ್ಕಿ, ಬೆನ್ನು ಹಾಕಿ ಓಡುವ ಹಕ್ಕಿ, ಎಲ್ಲವೂ ಅದರಲ್ಲಿ ಸಿಗುತ್ತಿದ್ದವು. ಪಕ್ಕದವರು ಕೋಳಿ ಫಾರಂ ಶುರು ಮಾಡಿದ್ದರಿಂದ ಆ ಕಡೆಗೆ ಹೊಡೆಯುವಂತಿರಲಿಲ್ಲ. ಹಾಗಾಗಿ ವೃತ್ತವನ್ನು ಅರ್ಧಕ್ಕೆ ಕತ್ತರಿಸಿ ಎದುರಿಗೆ ಇನ್ನೊಂದು ಯಂತ್ರ ಇಟ್ಟರು. ಡೇವಿಸ್‌ನ ಜೊತೆಗಾರ, ಚಿತ್ರಕಾರ ವಿಲಿಯಂ ಹಾರ್ನ್‌ಡೆನ್ ಫಾಸ್ಟರ್ 1926ರಲ್ಲಿ ಇದನ್ನು ಪತ್ರಿಕೆಗಳ ಮೂಲಕ ದೇಶಕ್ಕೆಲ್ಲ ಹಬ್ಬಿಸಿದ. ಅದೇ ಸ್ಕೀಟ್, 1968ರಿಂದ ಒಲಿಂಪಿಕ್ಸ್‌ನಲ್ಲೂ ಇದೆ. ಬಿಲ್ಲೆ ಒಡೆಯುವುದು ಗ್ರೌಸ್ ಸಿಗುವ ದೂರದಲ್ಲೇ ಆದ್ದರಿಂದ, ಫುಲ್ ಚೋಕ್ ಹಿಡಿದವನ ಕಷ್ಟ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಹೆಚ್ಚುಕಡಿಮೆ ಬಿಗಿಯೇ ಇಲ್ಲದ ‘ಸ್ಕೀಟ್ ಚೋಕ್’ ಕೋವಿ ಅಂಗಡಿಗಳಿಗೆ ಬಂದದ್ದು ಈ ಆಟದಿಂದ.

ಸ್ಕೀಟ್ ಇನ್ನೊಂದು ಗುಟ್ಟನ್ನೂ ರಟ್ಟು ಮಾಡಿತು. ಮೂಲ ಆಟದಲ್ಲಿ ಬಿಲ್ಲೆ ಹಾರುವವರೆಗೆ ಕೋವಿ ಕೆಳಗಿರಬೇಕು, ಶಿಕಾರಿಯಲ್ಲಿ ಇರುವಂತೆಯೇ. ಕ್ಷಣದಲ್ಲಿ ಎತ್ತಿ ಹೆಗಲಿಗೆ ಕೊಟ್ಟಾಗ ಕೆನ್ನೆ ಎಲ್ಲಿ ಕೂರುತ್ತದೋ ಕಣ್ಣು ಅಲ್ಲಿರುತ್ತದೆ. ಚರೆ ಕೋವಿಗೆ ಹಿಂದಿನ ಗುರಿಕಂಡಿ ಇಲ್ಲ, ಹೊಡೆಯುವವನ ಕಣ್ಣೇ ಅದು. ಹಾಗಾಗಿ ಮರದ ಹಿಡಿಯ ಉದ್ದ, ಕೆನ್ನೆ ತಾಗುವ ಅಂಚಿನ ಎತ್ತರ, ಪಕ್ಕಕ್ಕಿರುವ ಬಾಗು ಒಬ್ಬೊಬ್ಬನ ಮೈಗೂ ಬೇರೆ ಬೇರೆ. ನಮ್ಮ ಕೊಡಗಿನಲ್ಲಿ ತಾತನಿಂದ ಮೊಮ್ಮಗನಿಗೆ ಬಂದ ಕೋವಿಗಳುಂಟು. ಅಂಥ ಕೋವಿ ತಾತನ ತೋಳು, ಕೆನ್ನೆಯ ಅಳತೆಯನ್ನೂ ಜೊತೆಗೇ ತಂದಿರುತ್ತದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಅಲುಗಾಡದ ತೆಂಗಿನಕಾಯಿಗೆ ನಿಧಾನವಾಗಿ ಗುರಿಯಿಡುವಾಗ ಅದನ್ನು ಸರಿದೂಗಿಸಿಕೊಳ್ಳಬಹುದು. ಹಾರುವ ಹಕ್ಕಿ ಅಷ್ಟು ಪುರುಸೊತ್ತು ಕೊಡುವುದಿಲ್ಲ. (ನಮ್ಮಲ್ಲಿ ಈಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಶಿಕಾರಿಗೆ ಅವಕಾಶವಿಲ್ಲ. ಅದು ಸರಿಯಾದ ಕಾನೂನು ಎಂದೇ ನನ್ನ ನಂಬಿಕೆ.)

ಅಳತೆ ತೆಗೆಯುವ ವಿದ್ಯೆಯನ್ನು ಇಂಗ್ಲಿಷ್ ಕುಶಲಕರ್ಮಿಗಳು ಬಹಳ ಮುಂದಕ್ಕೆ ಒಯ್ದರು. ಹಕ್ಕಿ ಮೇಲಕ್ಕೆ ಏಳುತ್ತದಾದ್ದರಿಂದ ಈಡು ತುಸು ಮೇಲಕ್ಕೇ ಹೋಗಲೆಂದು ಜೋಸೆಫ್ ಮ್ಯಾಂಟನ್ 1806ರಲ್ಲೇ ಜೋಡು ನಳಿಗೆಯ ನಡುವಿನ ಪಟ್ಟಿಯನ್ನು ಎತ್ತರಿಸಿದ್ದ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಬರ್ಮಿಂಗ್‌ಹ್ಯಾಮಿನ ಡಬ್ಲ್ಯು.ಪಿ. ಜೋನ್ಸ್ ‘ಟ್ರೈ ಗನ್’ ತಂದ. ಅದರ ಹಿಡಿಗೆ ಕೀಲು, ತಿರುಪುಗಳಿದ್ದು ಎತ್ತ ಬೇಕಾದರೂ ಸರಿಸಬಹುದಿತ್ತು. ಗಿರಾಕಿ ಅದನ್ನು ಹಿಡಿದು, ಬಣ್ಣ ಬಳಿದ ಕಬ್ಬಿಣದ ಹಲಗೆಯೆದುರು 16 ಗಜ ದೂರದಲ್ಲಿ ನಿಂತು, ಗುರಿಯಿಡಲು ಹೊತ್ತು ತೆಗೆದುಕೊಳ್ಳದೆ, ನಡುವಿನ ಚುಕ್ಕೆಯನ್ನಷ್ಟೇ ನೋಡುತ್ತ ಕೋವಿ ಎತ್ತಿ ಹಾರಿಸುತ್ತಾನೆ. ಮತ್ತೆ ಮತ್ತೆ ಹಾರಿಸಿದಾಗ ಚರೆಯ ಗುಂಪು ಯಾವ ಕಡೆ ವಾಲುತ್ತದೆಂದು ನೋಡಬೇಕು.

16 ಗಜವೇ ಯಾಕೆಂದರೆ, ಕಣ್ಣಿನಿಂದ ನಳಿಗೆಯ ಬಾಯಿಗೆ ಸುಮಾರು ಒಂದು ಗಜ. ಕಣ್ಣು ಅಂಗುಲದ ಹದಿನಾರನೇ ಒಂದು ಪಾಲು ಸರಿದರೆ ಹಲಗೆಯ ಮೇಲೆ ಈಡು ಒಂದು ಅಂಗುಲ ಸರಿಯುತ್ತದೆ. ಬಲಗೈಯವನ ಈಡು ಎರಡು ಅಂಗುಲ ಎಡಕ್ಕೆ ಬಿದ್ದರೆ, ಹಿಡಿಯನ್ನು ಅಂಗುಲದ ಎಂಟನೇ ಒಂದರಷ್ಟು ಬಲಕ್ಕೆ ಬಾಗಿಸಬೇಕು. ಕೆಳಗೆ ಬಿದ್ದರೆ ಕೆನ್ನೆಯ ಅಂಚನ್ನು ಎತ್ತರಿಸಬೇಕು. ವಾಲ್‌ನಟ್ ಮರದ ಹಿಡಿಯನ್ನು ಬಿಸಿ ಎಣ್ಣೆಯಿಂದ ಕಾಯಿಸಿ, ಚೌಕಟ್ಟಿಗೆ ಬಿಗಿದು, ಮೆಲ್ಲಗೆ ಬಾಗಿಸುತ್ತಾರೆ. ಆತುರಪಟ್ಟರೆ ಮರ ಸೀಳುತ್ತದೆ. ಇಷ್ಟೆಲ್ಲ ಆದ ಮೇಲೂ ಚಳಿಗಾಲದ ದಪ್ಪ ಕೋಟು ತೊಟ್ಟರೆ ಹಿಡಿ ಉದ್ದವಾಗಿ ಕಂಕುಳಿಗೆ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಅಳತೆ ಕೊಡಲು ಹೋಗುವವನು ಶಿಕಾರಿಗೆ ತೊಡುವ ಅಂಗಿಯನ್ನೇ ತೊಟ್ಟು ಹೋಗಬೇಕು.

1960ರ ದಶಕದಲ್ಲಿ ಕೋವಿಯ ತೋಟಾದೊಳಗೆ ಚರೆ ಹಿಡಿದಿಡುವ ಪ್ಲಾಸ್ಟಿಕ್ ಬಟ್ಟಲು ಬಂದಾಗ ಹಳೆಯ ಲೆಕ್ಕ ಮತ್ತೆ ತಲೆಕೆಳಗಾಯಿತು. ಅದುವರೆಗೆ ಅಂಚಿನ ಚರೆಗಳು ನಳಿಗೆಗೆ ಉಜ್ಜಿ ಚಪ್ಪಟೆಯಾಗಿ ಅತ್ತಿತ್ತ ಹೋಗುತ್ತಿದ್ದವು. ಈಗ ದುಂಡಗೇ ಉಳಿದು ನೇರ ಹೋದವು. ಅಜ್ಜನ ಕಾಲದ ನಳಿಗೆ, ಅದರ ಮೇಲೆ ಕೆತ್ತಿದ ಗುರುತಿಗಿಂತ ಬಿಗಿಯಾಗಿ ಹೊಡೆಯತೊಡಗಿತು. ಆಮೇಲೆ ಉಕ್ಕಿನ ಚರೆ ಬಂತು. ಬಾತುಗಳು ಸೀಸದ ಕಾಳು ನುಂಗಿ ವಿಷವೇರಿ ಸಾಯುತ್ತಿದ್ದುದರಿಂದ ಅಮೆರಿಕ 1991ರಲ್ಲಿ ನೀರುಹಕ್ಕಿಗಳ ಬೇಟೆಯಲ್ಲಿ ಸೀಸವನ್ನು ದೇಶದಾದ್ಯಂತ ನಿಷೇಧಿಸಿತು. ಕ್ಯಾಲಿಫೋರ್ನಿಯಾ 2019ರ ಜುಲೈನಿಂದ ಎಲ್ಲ ಬಗೆಯ ಬೇಟೆಗೂ ನಿಷೇಧಿಸಿತು. ಉಕ್ಕು ಗಟ್ಟಿ, ಚಪ್ಪಟೆಯಾಗುವುದಿಲ್ಲ. ನಡುಮಟ್ಟದ ಚೋಕಿನಲ್ಲಿ ಹಾರಿಸಿದರೂ ಸೀಸದ ಫುಲ್ ಚೋಕಿನಷ್ಟು ಒತ್ತಾಗಿ ಬೀಳಬಹುದು. ಆದರೆ ಹಗುರವಾದ್ದರಿಂದ ವೇಗ ಬೇಗ ಕಳೆದುಕೊಳ್ಳುತ್ತದೆ. ಹಾಗಾಗಿ ಸೀಸ ಬಿಟ್ಟ ಗ್ರೌಸ್ ಶಿಕಾರಿ ಚೋಕನ್ನು ಇನ್ನಷ್ಟು ಸಡಿಲಿಸಿ, ಚರೆಯನ್ನು ಎರಡು ನಂಬರ್ ದಪ್ಪಕ್ಕೆ ಏರಿಸಿ, ಹೊಸ ಕಾಗದ ಕಟ್ಟಿ ಎಣಿಸಬೇಕಾಗಿದೆ. ಈ ಸಲ ಕಾಗದ ನಿಲ್ಲಬೇಕಾದದ್ದು ಹಕ್ಕಿ ಏಳುವ ದೂರದಲ್ಲಿ, 20 ಗಜಕ್ಕೆ ಒಮ್ಮೆ, 30ಕ್ಕೆ ಇನ್ನೊಮ್ಮೆ.