ಹಾಲು ಕರೆಯುವ ಕೊಟ್ಟಿಗೆಗೆ ಎಷ್ಟು ದೀಪ?

ಬೆಳಗಾವಿಯ ಮಹಾಂತೇಶ ನಗರದಲ್ಲಿರುವ ಜಿಲ್ಲಾ ಹಾಲು ಒಕ್ಕೂಟದ ಡೇರಿಗೆ ಬೆಳಗಿನ ಹಾಲು ಹೊತ್ತಿಗೆ ಸರಿಯಾಗಿ ಸೇರಬೇಕಾದರೆ, ಹಳ್ಳಿಯಲ್ಲಿ ನೀವು ಕತ್ತಲಿರುವಾಗಲೇ ಕರೆಯಲು ಕೂಡಬೇಕು. ಖಾನಾಪುರದ ಕಡೆ ಮಳೆಗಾಲದಲ್ಲಂತೂ ಹಗಲೂ ಮಬ್ಬು. ಮೊದಲ ಧಾರೆಯಲ್ಲಿ ಗರಣೆ ಇದೆಯೇ, ಮೊಲೆಗೆ ಸಗಣಿ ಅಂಟಿದೆಯೇ ಎಂಬುದು ಮಂದ ಬೆಳಕಿನಲ್ಲಿ ಕಾಣದು. ಕೆಚ್ಚಲು ಬಾವಿನ ಮೊದಲ ಗುರುತು ಕಣ್ತಪ್ಪುವುದು ಇಲ್ಲಿಯೇ.

ದೀಪ ಸೂಸುವ ಬೆಳಕನ್ನು ಲ್ಯೂಮೆನ್‌ನಲ್ಲಿ ಅಳೆಯುತ್ತಾರೆ. ಒಂದು ಚದರ ಮೀಟರಿಗೆ ಒಂದು ಲ್ಯೂಮೆನ್ ಬಿದ್ದರೆ ಅದು ಒಂದು ಲಕ್ಸ್. ಕರೆಯುವ ಜಾಗದಲ್ಲಿ ಸುಮಾರು 200 ಲಕ್ಸ್ ಬೇಕು. ನಾಲ್ಕು ಹಸುಗಳ ಸಾಲಿಗೆ 20 ಅಡಿ ಉದ್ದ, 6 ಅಡಿ ಅಗಲ, ಅಂದರೆ ಸುಮಾರು 11 ಚದರ ಮೀಟರ್ ಎನ್ನೋಣ. ಬೇಕಾದದ್ದು 2200 ಲ್ಯೂಮೆನ್. ಆದರೆ ದೂಳು, ಕಪ್ಪು ಹಂಚುಗಳಿಗೆ ಹೋಗಿ 100ರಲ್ಲಿ 40 ಪಾಲು ಮಾತ್ರ ಕೆಳಗೆ ಮುಟ್ಟುತ್ತದೆಂದು ಹಿಡಿದರೆ 5500 ಲ್ಯೂಮೆನ್ ಸೂಸಬೇಕು. 2000 ಲ್ಯೂಮೆನ್ನಿನ ಎಲ್‌ಇಡಿ ಕೊಳವೆ ದೀಪ ಮೂರು ಸಾಕು.

ಎಷ್ಟು ಎಂಬುದು ಹೀಗೆ ತಿಳಿಯಿತು. ಎಲ್ಲಿ ಎಂಬುದು ಈ ಲೆಕ್ಕದಲ್ಲಿ ಇಲ್ಲ. ಅದಕ್ಕೆ ಡಯಾಲಕ್ಸ್ ಎಂಬ ಜರ್ಮನಿಯ ತಂತ್ರಾಂಶವಿದೆ. ಮೂಲ ಆವೃತ್ತಿಗೆ ಹಣ ಕೊಡಬೇಕಿಲ್ಲ. ಕಂಪ್ಯೂಟರ್ ಬಲ್ಲ ಮಗನೋ ಮಗಳೋ ಮನೆಯಲ್ಲಿದ್ದರೆ ಕೊಟ್ಟಿಗೆಯ ಅಳತೆ ಕೊಟ್ಟು ನಕ್ಷೆ ಬರೆಸಿರಿ. ದೀಪದ ತಯಾರಕರು ಕೊಡುವ ಐಇಎಸ್ ಅಥವಾ ಎಲ್‌ಡಿಟಿ ಕಡತವನ್ನು ಸೇರಿಸಿದರೆ, ಯಾವ ಮೂಲೆಗೆ ಎಷ್ಟು ಲಕ್ಸ್ ಬೀಳುವುದೆಂದು ಬಣ್ಣದಲ್ಲಿ ತೋರಿಸುತ್ತದೆ. ದೀಪವನ್ನು ಅತ್ತಿತ್ತ ಸರಿಸಿ ನೋಡಬಹುದು. ಏಣಿ ಹತ್ತುವ, ತಂತಿ ಕೀಳುವ ತಾಪತ್ರಯವಿಲ್ಲ.

ಒಂದು ಎಚ್ಚರಿಕೆ. ಈ ತಂತ್ರಾಂಶ ಹುಟ್ಟಿದ್ದು ಬಿಳಿ ಗೋಡೆಯ ಕಚೇರಿಗಳನ್ನು ಕಂಡವರ ಕೈಯಲ್ಲಿ. ಚಾವಣಿ ಬೆಳಕಿನ 70 ಪಾಲನ್ನು ಮರಳಿಸುತ್ತದೆಂದು ಅದು ತಾನಾಗಿ ಹಿಡಿಯುತ್ತದೆ. ಹೊಗೆ ಹಿಡಿದ ಖಾನಾಪುರ ಹಂಚಿಗೆ ಅಷ್ಟೆಲ್ಲಿ? 10 ಎಂದು ತಿದ್ದಿರಿ. ಅಳೆಯುವ ಮಟ್ಟವನ್ನೂ ಅದು ಮೇಜಿನೆತ್ತರ, ಅಂದರೆ 80 ಸೆಂಟಿಮೀಟರಿಗೆ ಇಡುತ್ತದೆ. ಕೆಚ್ಚಲಿನ ಎತ್ತರಕ್ಕೆ, 50ಕ್ಕೆ, ಇಳಿಸಿರಿ. ಹಸುವಿನ ಗಾತ್ರದ ಪೆಟ್ಟಿಗೆಗಳನ್ನು ನಕ್ಷೆಯಲ್ಲಿ ನಿಲ್ಲಿಸಿದರೆ ಮಾತ್ರ ನೆರಳು ಕಾಣುತ್ತದೆ. ಸಾಲಿನ ನಡುನೆತ್ತಿಯ ಮೇಲೆ ತೂಗಿದ ದೀಪ ಹಸುವಿನ ಬೆನ್ನನ್ನಷ್ಟೇ ಬೆಳಗುತ್ತದೆ. ದೀಪಗಳನ್ನು ಹಸುಗಳ ನಡುವಿನ ಸಂದಿಗೆ, ತುಸು ಹಿಂಬದಿಗೆ ತಂದು ನೋಡಿರಿ.

ನಕ್ಷೆಯನ್ನು ಅಚ್ಚು ಹಾಕಿಸಿ ವಿದ್ಯುತ್ ಕೆಲಸದವರ ಕೈಗೆ ಕೊಡಿರಿ. ನೀರು, ದೂಳು ತಡೆಯುವ ಐಪಿ 65 ಗುರುತಿನ ದೀಪಗಳನ್ನೇ ಕೊಳ್ಳಿರಿ. ತಂತಿ ದನಗಳ ಬಾಯಿಗೆ ಎಟುಕದಂತಿರಲಿ.