ಹಾಂಕಾಂಗ್‌ಗೆ ಹೊರಡುವ ಮುನ್ನ

ಹಾಂಕಾಂಗ್ ಚೀನಾಕ್ಕೆ ಸೇರಿದ್ದರೂ ಅಲ್ಲಿನ ಪ್ರವೇಶ ನಿಯಮಗಳು ಬೇರೆ. ಭಾರತೀಯರು ವೀಸಾ ಇಲ್ಲದೆ 14 ದಿನ ತಂಗಬಹುದು. ಆದರೆ 2017ರಿಂದ, ಹೊರಡುವ ಮೊದಲೇ ಅಲ್ಲಿನ ಸರಕಾರದ ವೆಬ್‌ಸೈಟಿನಲ್ಲಿ ನೋಂದಾಯಿಸಿಕೊಳ್ಳುವುದು ಕಡ್ಡಾಯ. ಇದಕ್ಕೆ ಶುಲ್ಕವಿಲ್ಲ, ಏಜೆಂಟರಿಗೆ ಹಣ ತೆರಬೇಡಿ. ಹೆಸರು, ಜನ್ಮ ದಿನಾಂಕ ಪಾಸ್‌ಪೋರ್ಟಿನಲ್ಲಿದ್ದಂತೆಯೇ ಬರೆಯಿರಿ. ಸಿಗುವ ಚೀಟಿಯನ್ನು ಮುದ್ರಿಸಿ, ಸಹಿ ಹಾಕಿ, ಜೊತೆಗಿಟ್ಟುಕೊಳ್ಳಿ.

ಊಟದ ವಿಷಯದಲ್ಲಿ ಎಚ್ಚರವಿರಲಿ. ಬರೀ ತರಕಾರಿಯಂತೆ ಕಾಣುವ ತಿನಿಸಿನಲ್ಲೂ ಹಂದಿಕೊಬ್ಬು ಇರಬಹುದು. ಕೇಳಿ ತಿಳಿದೇ ತಿನ್ನಿ. ವಾನ್ ಚಾಯ್‌ನ ಅಮ್ಮಾರ್ ಮಸೀದಿಯ ಕ್ಯಾಂಟೀನಿನಲ್ಲಿ ಹಲಾಲ್ ಚೀನೀ ತಿಂಡಿಗಳು ಸಿಗುತ್ತವೆ. ನಮಾಝ್‌ಗೆ ನಾಥನ್ ರಸ್ತೆಯಲ್ಲಿ ಕೌಲೂನ್ ಮಸೀದಿಯಿದೆ. 1896ರಲ್ಲಿ ಬ್ರಿಟಿಷ್ ಸೇನೆಯ ಭಾರತೀಯ ಮುಸ್ಲಿಮ್ ಸೈನಿಕರಿಗಾಗಿ ಆರಂಭವಾದ ಈ ಮಸೀದಿಯ ಈಗಿನ ಕಟ್ಟಡ 1984ರದ್ದು. ಮಹಿಳೆಯರಿಗೂ ಪ್ರತ್ಯೇಕ ಸ್ಥಳವಿದೆ.

ರೈಲು, ಬಸ್ಸುಗಳಿಗೆ ‘ಆಕ್ಟೋಪಸ್’ ಕಾರ್ಡ್ ಪಡೆದರೆ ಚಿಲ್ಲರೆಯ ಚಿಂತೆಯಿಲ್ಲ. ಬಿರುಗಾಳಿಯ 8ನೇ ಸಂಕೇತ ಹಾರಿಸಿದರೆ ಕೋಣೆಯಿಂದ ಹೊರಬರಬೇಡಿ.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. “ಅಲ್ಲಿರುವ ನಮ್ಮವರಿಗೆ ಇದೊಂದು ಪೊಟ್ಟಣ ತಲುಪಿಸಿಬಿಡಿ” ಎಂದು ಯಾರೇ ಕೊಟ್ಟರೂ ಬಿಚ್ಚಿ ನೋಡದೆ ಒಯ್ಯಬೇಡಿ. ಅಲ್ಲಿ ಮಾದಕವಸ್ತು ಸಾಗಾಟಕ್ಕೆ ಜೀವಾವಧಿ ಶಿಕ್ಷೆಯವರೆಗೂ ಆಗಬಹುದು. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರುವ ನೋವು ನಮ್ಮದೇ. ನಯವಾಗಿ, ಆದರೆ ಖಂಡಿತವಾಗಿ “ಇಲ್ಲ” ಎನ್ನಿ.